ಸುಣ್ಣಕಲ್ಲಿನ ನಾಡಿನಲ್ಲಿ ಹಳೆಯ ವಿಕಿರಣ ಶೋಧಕಗಳು

ಸಿಮೆಂಟ್ ಕಾರ್ಖಾನೆಯ ಪ್ರಿಹೀಟರ್ ಗೋಪುರದ ಕೆಳಗಿನ ಸೈಕ್ಲೋನುಗಳಲ್ಲಿ ಸುಣ್ಣಕಲ್ಲಿನ ಪುಡಿ 800 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾದಿರುತ್ತದೆ. ಅದು ಒಳಗೆ ಗಟ್ಟಿ ಕಟ್ಟಿಕೊಂಡರೆ ಕಿಲ್ನ್ ನಿಲ್ಲಿಸಬೇಕಾಗುತ್ತದೆ. ಅದನ್ನು ಬಿಡಿಸುವ ಕೆಲಸವೋ ಪ್ರಾಣಾಪಾಯದ್ದು. ಆ ಕಾವಿಗೆ ಯಾವ ಸೂಕ್ಷ್ಮ ಉಪಕರಣವೂ ಬಾಳದು. ಆದ್ದರಿಂದ ಹೊರಗಿನಿಂದಲೇ ನೋಡುವ ಉಪಾಯ ಹುಟ್ಟಿತು: ಒಂದು ಬದಿಗೆ ಸೀಸದ ಕವಚದೊಳಗೆ ಸೀಸಿಯಂ-137 ಅಥವಾ ಕೋಬಾಲ್ಟ್-60ರ ವಿಕಿರಣ ಮೂಲ, ಎದುರು ಬದಿಗೆ ಗಾಮಾ ಕಿರಣ ಎಣಿಸುವ ಶೋಧಕ. ಎಣಿಕೆ ಇಳಿಯಿತೆಂದರೆ ನಡುವೆ ಸರಕು ಕಟ್ಟಿದೆ ಎಂದರ್ಥ.

ಕಲಬುರಗಿ ಜಿಲ್ಲೆಯ ಸುಣ್ಣಕಲ್ಲಿನ ಪಟ್ಟಿಗೆ ಸಿಮೆಂಟಿನ ಇತಿಹಾಸ ದೊಡ್ಡದು. 1936ರಲ್ಲಿ ಹತ್ತು ಕಂಪನಿಗಳು ಸೇರಿ ಎಸಿಸಿ ಆದಾಗ ಶಹಾಬಾದಿನ ಕಂಪನಿಯೂ ಅದರಲ್ಲಿತ್ತು. 1968ರಲ್ಲಿ ವಾಡಿ, 1980ರ ದಶಕದಲ್ಲಿ ಸೇಡಂ ಮತ್ತು ಮಳಖೇಡ, ಆಮೇಲೆ ಚಿಂಚೋಳಿ ತಾಲ್ಲೂಕಿನ ಕಲ್ಲೂರು, ಚಿತ್ತಾಪುರ ತಾಲ್ಲೂಕಿನ ಇಟಗಾ ಕಾರ್ಖಾನೆಗಳು ಬಂದವು. ಜಗತ್ತಿನ ಸಿಮೆಂಟ್ ಉದ್ಯಮ ವಿಕಿರಣ ಮಾಪಕಗಳನ್ನು ಒಪ್ಪಿಕೊಂಡದ್ದೂ ಇದೇ ಅವಧಿಯಲ್ಲಿ. ಬೆಲ್ಟಿನ ಮೇಲೆ ಹರಿಯುವ ಕಲ್ಲಿನ ರಾಸಾಯನಿಕ ಗುಣವನ್ನು ಅಲ್ಲಿಯೇ ಅಳೆಯಲು ಕ್ಯಾಲಿಫೋರ್ನಿಯಂ-252 ಬಳಸುವ ವಿಶ್ಲೇಷಕಗಳೂ ಬಂದವು. ಈ ಸುಣ್ಣಕಲ್ಲು ಹರಡಿರುವ ಭೀಮಾ ಕೊಳ್ಳದ ಗೋಗಿಯಲ್ಲಿ, ಯಾದಗಿರಿ ಜಿಲ್ಲೆಯ ಶಹಾಪುರದ ಬಳಿ, ಯುರೇನಿಯಂ ಹುಡುಕುವವರು ಕೊಳವೆಬಾವಿಗಳೊಳಗೆ ಗಾಮಾ ಶೋಧಕಗಳನ್ನು ಇಳಿಬಿಟ್ಟರು.

ಶೋಧಕವೆಂದರೆ ಬರಿಯ ಲೋಹದ ಕೊಳವೆಯಲ್ಲ. 1928ರ ಗೈಗರ್-ಮುಲ್ಲರ್ ಕೊಳವೆಯ ನಂತರ 1948ರಲ್ಲಿ ಥ್ಯಾಲಿಯಂ ಬೆರೆಸಿದ ಸೋಡಿಯಂ ಅಯೋಡೈಡ್ ಹರಳು ಬಂತು. ಥ್ಯಾಲಿಯಂ ವಿಷ, ಹರಳಿನಲ್ಲಿ ಅದರ ಪಾಲು ಅಲ್ಪ, ಆದರೂ ಒಡೆದು ಚೆಲ್ಲುವಂಥದ್ದಲ್ಲ. ಕೆಲವು ಶೋಧಕಗಳ ಕಿಟಕಿ ಬೆರಿಲಿಯಂನದು. ಅದರ ಧೂಳು ಶ್ವಾಸಕೋಶವನ್ನು ಹಾಳುಮಾಡುತ್ತದೆ. ಹಳೆಯ ಮೀಟರುಗಳಲ್ಲಿ ಪಾದರಸದ ಬ್ಯಾಟರಿ, ಸುತ್ತ ಸೀಸ. ತಾನು ಸರಿಯಾಗಿ ಎಣಿಸುತ್ತಿದೆಯೇ ಎಂದು ನೋಡಿಕೊಳ್ಳಲು ಕೆಲವು ಶೋಧಕಗಳ ಮೈಯಲ್ಲೇ ಚಿಕ್ಕದೊಂದು ವಿಕಿರಣ ಮೂಲವೂ ಅಂಟಿಕೊಂಡಿರುತ್ತದೆ.

ಇವುಗಳಲ್ಲಿ ನನಗೆ ಹೆಚ್ಚು ಕಳವಳ ತರುವುದು ನ್ಯೂಟ್ರಾನ್ ಎಣಿಸುವ ಬೋರಾನ್ ಟ್ರೈಫ್ಲೋರೈಡ್ ಕೊಳವೆ. ವಿಕಿರಣ ಮಾಪಕವನ್ನು ಅದರ ಮುಂದೆ ಹಿಡಿದರೆ ಏನೂ ತೋರದು. ಆದರೆ ಒಳಗಿನ ಅನಿಲ ವಿಷ. ಕೊಳವೆ ಒಡೆದರೆ ಗಾಳಿಯ ತೇವದೊಂದಿಗೆ ಸೇರಿ ಚರ್ಮ, ಕಣ್ಣು, ಶ್ವಾಸನಾಳ ಸುಡುವ ಆಮ್ಲದ ಹೊಗೆಯಾಗುತ್ತದೆ. ವಿಮಾನದಲ್ಲಿ ಸಾಗಿಸುವ ಇಂಥ ಶೋಧಕಗಳ ಒಳಗಿನ ಒತ್ತಡ 105 ಕಿಲೋಪಾಸ್ಕಲ್ ಮೀರಬಾರದೆಂಬ ಅಂತರರಾಷ್ಟ್ರೀಯ ನಿಯಮವೇ ಇದೆ. ಬಲ್ಲವರು ಅನಿಲವನ್ನು ನಿಧಾನವಾಗಿ ಹೊರತೆಗೆದು ಕ್ಯಾಲ್ಸಿಯಂ ಸಂಯುಕ್ತಗಳ ಮೂಲಕ ಹಾಯಿಸುತ್ತಾರೆ; ಫ್ಲೋರಿನ್ ಕ್ಯಾಲ್ಸಿಯಂಗೆ ಅಂಟಿ, ನೀರಿನಲ್ಲಿ ಕರಗದ ಘನವಸ್ತುವಾಗುತ್ತದೆ. ಸುತ್ತಿಗೆ ಏಟಿನಲ್ಲಿ ಮುಗಿಸುವ ಕೆಲಸವಲ್ಲ ಇದು.

ವಿಲೇವಾರಿಯ ನಿಯಮಗಳು ಬೆಳೆದದ್ದು ದುರಂತಗಳ ಜೊತೆಜೊತೆಗೆ. ಭಾರತದಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿ ಸ್ಥಾಪನೆಯಾದದ್ದು 1983ರಲ್ಲಿ. ವಿಕಿರಣ ತ್ಯಾಜ್ಯದ ಸುರಕ್ಷಿತ ವಿಲೇವಾರಿ ನಿಯಮಗಳು ಬಂದದ್ದು 1987ರಲ್ಲಿ. ಅದೇ ವರ್ಷ ಬ್ರೆಜಿಲಿನ ಗೊಯಾನಿಯಾದಲ್ಲಿ, ಬಿಟ್ಟುಹೋದ ಆಸ್ಪತ್ರೆಯ ಸೀಸಿಯಂ ಮೂಲ ಗುಜರಿ ಸೇರಿ ನಾಲ್ವರು ಸತ್ತರು, 249 ಜನರಿಗೆ ವಿಕಿರಣ ಮಾಲಿನ್ಯ ತಗಲಿತು. 1998ರಲ್ಲಿ ಸ್ಪೇನಿನ ಉಕ್ಕಿನ ಕುಲುಮೆಯೊಂದರಲ್ಲಿ ಗೊತ್ತಿಲ್ಲದೆ ಸೀಸಿಯಂ ಮೂಲ ಕರಗಿ, ಅದರ ಸುಳಿವು ಯುರೋಪಿನ ಹಲವು ದೇಶಗಳ ಗಾಳಿಯಲ್ಲಿ ಕಂಡಿತು. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ ಗಾಮಾ ಯಂತ್ರದ ಕೋಬಾಲ್ಟ್ ಮಾಯಾಪುರಿಯ ಗುಜರಿಯಲ್ಲಿ ಒಬ್ಬ ಕಾರ್ಮಿಕನನ್ನು ಬಲಿ ತೆಗೆದುಕೊಂಡಿತು.

ಹೀಗಾಗಿ ಮೂಲಗಳ ಮಟ್ಟಿಗೆ ಇಂದು ದಾರಿ ಸ್ಪಷ್ಟವಾಗಿದೆ: ಮಂಡಳಿಯ ಅನುಮತಿ ಪಡೆದು, ವಿದೇಶದಿಂದ ತಂದದ್ದನ್ನು ಪೂರೈಸಿದವರಿಗೇ ಮರಳಿಸಬೇಕು, ಇಲ್ಲವೇ ಮಂಡಳಿ ಒಪ್ಪಿದ ಕೇಂದ್ರಕ್ಕೆ ಕಳಿಸಬೇಕು. ಶೋಧಕದ ಪಾಡು ಬೇರೆ. ವಿಕಿರಣ ಮೂಲ ಕಳಚಿದ ಮೇಲೆ ಅದು ಅಣುಶಕ್ತಿ ನಿಯಮಗಳ ಕೈಯಿಂದ ಜಾರಿ, 2016ರ ಅಪಾಯಕಾರಿ ತ್ಯಾಜ್ಯ ನಿಯಮ ಮತ್ತು 2022ರ ಇ-ತ್ಯಾಜ್ಯ ನಿಯಮಗಳ ನಡುವೆ ಬೀಳುತ್ತದೆ. ಮೂಲ ಹೋಯಿತಲ್ಲ ಎಂದು ಉಳಿದದ್ದನ್ನು ಗುಜರಿಗೆ ತೂಗಿಕೊಡುವುದು ತಪ್ಪು ಎಂದೇ ನನ್ನ ಖಚಿತ ಅಭಿಪ್ರಾಯ. ಸಿಮೆಂಟ್ ಕಿಲ್ನ್‌ಗಳು ಬೇರೆ ಉದ್ಯಮಗಳ ಅಪಾಯಕಾರಿ ತ್ಯಾಜ್ಯವನ್ನು ಉರಿಸಿಕೊಳ್ಳುತ್ತವೆ, ನಿಜ. ಆದರೆ ವಿಕಿರಣ ತ್ಯಾಜ್ಯ, ಎಲೆಕ್ಟ್ರಾನಿಕ್ ಗುಜರಿ, ಇಡೀ ಬ್ಯಾಟರಿಗಳನ್ನು ಕಿಲ್ನ್‌ಗೆ ಹಾಕಬಾರದೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ.

ಈ ಪಟ್ಟಿಯಲ್ಲಿ ಈಗ ಇದನ್ನು ಹೇಳಲು ಕಾರಣವಿದೆ. 2022ರಲ್ಲಿ ಎಸಿಸಿ ಅದಾನಿ ಸಮೂಹಕ್ಕೆ ಸೇರಿತು. 2025ರಲ್ಲಿ ಸೇಡಂನ ವಾಸವದತ್ತಾ ಕಾರ್ಖಾನೆ ಅಲ್ಟ್ರಾಟೆಕ್‌ಗೆ, ಇಟಗಾದ ಓರಿಯಂಟ್ ಕಾರ್ಖಾನೆ ಅಂಬುಜಾಗೆ ಸೇರಿದವು. ಸೀಸಿಯಂ-137ರ ವಿಕಿರಣ ಅರ್ಧಕ್ಕಿಳಿಯಲು 30 ವರ್ಷ ಬೇಕು. ಅಷ್ಟರಲ್ಲಿ ಮಾಲೀಕರು, ಎಂಜಿನಿಯರುಗಳು ಎಷ್ಟೋ ಸಲ ಬದಲಾಗುತ್ತಾರೆ. ಯಾವ ಗೋಡೌನಿನಲ್ಲಿ ಯಾವ ಹಳೆಯ ಶೋಧಕವಿದೆ, ಒಳಗೇನಿದೆ ಎಂಬ ಪಟ್ಟಿ ಕಾರ್ಖಾನೆಯ ಜೊತೆಗೇ ಕೈ ಬದಲಾಗಬೇಕು. ಮುಚ್ಚಿದ ಕಾರ್ಖಾನೆಗಳಲ್ಲಿ ಗುಜರಿ ಹರಾಜಿಗೆ ಮುಂಚೆ ವಿಕಿರಣ ಸುರಕ್ಷಾ ಅಧಿಕಾರಿಯ ತಪಾಸಣೆ ಆಗಲೇಬೇಕು.

ಗುಜರಿ ವ್ಯಾಪಾರ ಮಾಡುವವರಲ್ಲೂ ಒಂದು ವಿನಂತಿ. ಹಳದಿ ಹಿನ್ನೆಲೆಯಲ್ಲಿ ಮೂರು ದಳದ ಗುರುತಿರುವ ಡಬ್ಬಿ, ಅಳತೆಗೆ ಮೀರಿ ಭಾರವಾದ ಸೀಸದ ಗುಂಡು, ಬಾಯಿ ಮುಚ್ಚಿದ ತಾಮ್ರದ ಇಲ್ಲವೇ ಉಕ್ಕಿನ ಕೊಳವೆ ಕಂಡರೆ ಕತ್ತರಿಸಬೇಡಿ, ಕಾಯಿಸಬೇಡಿ. ದೂರ ಸರಿದು ಪೊಲೀಸರಿಗೆ ತಿಳಿಸಿ.