ಅಮೆರಿಕದ ‘ಇಂಟರ್ಮೀಡಿಯೆಟ್ ಸ್ಕೂಲ್’ ಎಂದರೇನು? ಶಾಲೆಯ ರಿಪೋರ್ಟ್ ಕಾರ್ಡ್ ಓದುವುದು ಹೇಗೆ? ಇಲ್ಲಿದೆ ಮಾಹಿತಿ

ಹೈದರಾಬಾದ್‌ನಲ್ಲಿ ‘ಇಂಟರ್’ ಎಂದರೆ 11 ಮತ್ತು 12ನೇ ತರಗತಿ, ಕರ್ನಾಟಕದ ಲೆಕ್ಕದಲ್ಲಿ ಪಿಯುಸಿ. ಅಮೆರಿಕದಲ್ಲಿ ಈ ಪದದ ಅರ್ಥವೇ ಬೇರೆ. ಅಲ್ಲಿ ಇಂಟರ್ಮೀಡಿಯೆಟ್ ಸ್ಕೂಲ್ ಎಂದರೆ ಪ್ರೈಮರಿ ಮತ್ತು ಹೈಸ್ಕೂಲ್ ನಡುವಿನ ಶಾಲೆ. ನ್ಯೂಯಾರ್ಕ್ ನಗರದಲ್ಲಿ ಇಂಥ ಶಾಲೆಗಳಲ್ಲಿ ಸಾಮಾನ್ಯವಾಗಿ 6, 7 ಮತ್ತು 8ನೇ ತರಗತಿಗಳಿರುತ್ತವೆ. ಹೆಸರಿನ ಮುಂದೆ ‘ಐ.ಎಸ್.’ ಅಥವಾ ‘ಎಂ.ಎಸ್.’ ಎಂಬ ಅಕ್ಷರಗಳು ಮತ್ತು ಒಂದು ಸಂಖ್ಯೆ ಇರುತ್ತದೆ. ‘ಪಬ್ಲಿಕ್ ಸ್ಕೂಲ್’ ಎಂದರೆ ಅಲ್ಲಿ ಸರ್ಕಾರಿ ಶಾಲೆಯೇ, ನಮ್ಮಲ್ಲಿಯಂತೆ ದುಬಾರಿ ಖಾಸಗಿ ಶಾಲೆಯಲ್ಲ.

ಈ ಶಾಲೆಗಳ ಪರೀಕ್ಷಾ ಫಲಿತಾಂಶ ಮತ್ತು ವಿದ್ಯಾರ್ಥಿಗಳ ಹಿನ್ನೆಲೆಯ ಅಂಕಿ-ಅಂಶ ಎಲ್ಲರಿಗೂ ಮುಕ್ತವಾಗಿ ಲಭ್ಯ. ಕೆಲಸದ ಮೇಲೆ ಅಮೆರಿಕಕ್ಕೆ ಹೋಗುವ ಕುಟುಂಬಗಳು ಬಾಡಿಗೆ ಮನೆ ಹುಡುಕುವಾಗ ಮೊದಲು ನೋಡುವುದೂ ಇದನ್ನೇ. ಝಿಲ್ಲೋದಂಥ ಮನೆ ಹುಡುಕುವ ತಾಣಗಳಲ್ಲಿ ಮನೆಯ ಜೊತೆಗೇ ಹತ್ತಿರದ ಶಾಲೆಗೆ ಗ್ರೇಟ್‌ಸ್ಕೂಲ್ಸ್ ಸಂಸ್ಥೆ ಕೊಟ್ಟ 1ರಿಂದ 10ರವರೆಗಿನ ರೇಟಿಂಗ್ ಕಾಣುತ್ತದೆ. ಆದರೆ ಒಂದೇ ಒಂದು ಅಂಕೆ ನೋಡಿ ಶಾಲೆಯನ್ನು ಅಳೆದರೆ ತಪ್ಪು ತೀರ್ಮಾನಕ್ಕೆ ಬರುವ ಸಾಧ್ಯತೆ ಹೆಚ್ಚು.

ಮಾಹಿತಿ ಪ್ರಕಟಿಸುವುದು ಏಕೆ ಕಡ್ಡಾಯ?

2002ರ ಜನವರಿಯಲ್ಲಿ ಜಾರಿಯಾದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾನೂನು 3ರಿಂದ 8ನೇ ತರಗತಿಯವರೆಗೆ ಪ್ರತಿ ವರ್ಷ ಭಾಷೆ ಮತ್ತು ಗಣಿತ ಪರೀಕ್ಷೆಯನ್ನು ಕಡ್ಡಾಯ ಮಾಡಿತು. 2015ರ ಡಿಸೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ ‘ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್ ಆಕ್ಟ್’ ಕೂಡ ಈ ನಿಯಮವನ್ನು ಉಳಿಸಿಕೊಂಡಿದೆ. ಶಾಲೆಯ ಒಟ್ಟು ಸರಾಸರಿ ಕೊಟ್ಟರೆ ಸಾಲದು. ಜನಾಂಗ, ಬಡತನ, ಅಂಗವೈಕಲ್ಯ, ಇಂಗ್ಲಿಷ್ ಕಲಿಯುತ್ತಿರುವವರು ಎಂದು ಗುಂಪುವಾರು ಫಲಿತಾಂಶವನ್ನೂ ಕೊಡಬೇಕು. ಒಳ್ಳೆಯ ಸರಾಸರಿಯ ಹಿಂದೆ ಹಿಂದುಳಿದ ಮಕ್ಕಳು ಮರೆಯಾಗಬಾರದು ಎಂಬುದು ಇದರ ಉದ್ದೇಶ. ಗುಂಪು ತೀರಾ ಚಿಕ್ಕದಾಗಿದ್ದರೆ ಮಕ್ಕಳ ಗುರುತು ಗೊತ್ತಾಗದಿರಲಿ ಎಂದು ಫಲಿತಾಂಶವನ್ನು ತಡೆಹಿಡಿಯಲಾಗುತ್ತದೆ.

‘ಪ್ರೊಫಿಶಿಯೆಂಟ್’ ಎಂದರೆ ಯಾರು?

ನ್ಯೂಯಾರ್ಕ್ ರಾಜ್ಯದ ಪರೀಕ್ಷೆಯಲ್ಲಿ ಲೆವೆಲ್ 1ರಿಂದ 4ರವರೆಗೆ ನಾಲ್ಕು ಹಂತಗಳಿವೆ. 3 ಮತ್ತು 4ನೇ ಲೆವೆಲ್ ಪಡೆದವರನ್ನು ‘ಪ್ರೊಫಿಶಿಯೆಂಟ್’ ಎನ್ನಲಾಗುತ್ತದೆ. ಇದು ಪಾಸು-ಫೇಲಿನ ಲೆಕ್ಕವಲ್ಲ. ಒಂದು ಶಾಲೆಯಲ್ಲಿ ಶೇ 40ರಷ್ಟು ಮಕ್ಕಳು ಪ್ರೊಫಿಶಿಯೆಂಟ್ ಎಂದರೆ ಉಳಿದ ಶೇ 60ರಷ್ಟು ಮಕ್ಕಳು ಫೇಲಾಗಿದ್ದಾರೆ ಎಂದಲ್ಲ. ಗೆರೆಯ ಸ್ವಲ್ಪ ಕೆಳಗೆ ನಿಂತವರೂ, ತುಂಬಾ ಕೆಳಗಿರುವವರೂ ಈ ಶೇಕಡಾವಾರಿನಲ್ಲಿ ಒಂದೇ ರೀತಿ ಕಾಣುತ್ತಾರೆ.

ಇನ್ನೊಂದು ವಿಷಯ ಗಮನಿಸಬೇಕು. ನ್ಯೂಯಾರ್ಕ್‌ನಲ್ಲಿ ಮಕ್ಕಳನ್ನು ಪರೀಕ್ಷೆಗೆ ಕಳುಹಿಸದಿರುವ ಪೋಷಕರ ಚಳವಳಿ ದೊಡ್ಡದು. 2015ರಲ್ಲಿ ರಾಜ್ಯದ ಸುಮಾರು ಶೇ 20ರಷ್ಟು ಮಕ್ಕಳು ಪರೀಕ್ಷೆ ಬರೆದಿರಲಿಲ್ಲ. 2020ರಲ್ಲಿ ಕೋವಿಡ್‌ನಿಂದ ಪರೀಕ್ಷೆಯೇ ನಡೆಯಲಿಲ್ಲ. 2023ರಲ್ಲಿ ಹೊಸ ಪಠ್ಯಮಟ್ಟಕ್ಕೆ ತಕ್ಕಂತೆ ಪರೀಕ್ಷೆ ಬದಲಾಯಿತು. ಹೀಗಾಗಿ ಅದಕ್ಕೂ ಹಿಂದಿನ ವರ್ಷಗಳ ಫಲಿತಾಂಶದ ಜೊತೆ ನೇರ ಹೋಲಿಕೆ ಸರಿಯಲ್ಲ.

ವಿದ್ಯಾರ್ಥಿಗಳ ವಿವರದಲ್ಲಿ ಏನಿರುತ್ತದೆ?

* ಬಡತನ: ಹಿಂದೆ ಉಚಿತ ಅಥವಾ ರಿಯಾಯಿತಿ ದರದ ಊಟ ಪಡೆಯುವ ಮಕ್ಕಳ ಸಂಖ್ಯೆಯೇ ಇದಕ್ಕೆ ಅಳತೆಗೋಲಾಗಿತ್ತು. ಕುಟುಂಬದ ಆದಾಯ ಬಡತನ ರೇಖೆಯ ಶೇ 130ರೊಳಗಿದ್ದರೆ ಊಟ ಉಚಿತ, ಶೇ 185ರೊಳಗಿದ್ದರೆ ರಿಯಾಯಿತಿ. 2017ರ ಸೆಪ್ಟೆಂಬರ್‌ನಿಂದ ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಮಧ್ಯಾಹ್ನದ ಊಟ ಉಚಿತ. ಹಾಗಾಗಿ ಊಟದ ಲೆಕ್ಕದಿಂದ ಬಡತನ ತಿಳಿಯದು. ನಗರವು ‘ಎಕನಾಮಿಕ್ ನೀಡ್ ಇಂಡೆಕ್ಸ್’ ಎಂಬ ಸೂಚ್ಯಂಕವನ್ನು ಬಳಸುತ್ತದೆ. ಸರ್ಕಾರಿ ನೆರವು, ತಾತ್ಕಾಲಿಕ ವಸತಿ, ವಾಸಿಸುವ ಪ್ರದೇಶದ ಬಡತನ ಇದರಲ್ಲಿ ಸೇರಿವೆ.

* ಇಂಗ್ಲಿಷ್ ಕಲಿಯುವವರು: ಈ ಗುಂಪಿನ ಫಲಿತಾಂಶ ಯಾವಾಗಲೂ ಕಡಿಮೆ. ಕಾರಣ ಸರಳ. ಇಂಗ್ಲಿಷ್ ಚೆನ್ನಾಗಿ ಕಲಿತ ಮಗು ಗುಂಪಿನಿಂದ ಹೊರಹೋಗುತ್ತದೆ, ಆಗಷ್ಟೇ ವಲಸೆ ಬಂದ ಮಗು ಒಳಬರುತ್ತದೆ. ಚೆನ್ನಾಗಿ ಕಲಿಸುವ ಶಾಲೆಯ ಅಂಕೆಯೂ ಇಲ್ಲಿ ಕಡಿಮೆಯೇ ಕಾಣಬಹುದು.

* ಜನಾಂಗ: ‘ಏಷ್ಯನ್’ ಎಂಬ ಒಂದೇ ಕಾಲಂನಲ್ಲಿ ಚೀನಾ, ಬಾಂಗ್ಲಾದೇಶ, ಭಾರತ ಮೂಲದ ಮಕ್ಕಳೆಲ್ಲ ಬರುತ್ತಾರೆ. ಐಟಿ ಉದ್ಯೋಗಿಯ ಮಗನೂ ಟ್ಯಾಕ್ಸಿ ಚಾಲಕನ ಮಗಳೂ ಅದೇ ಸರಾಸರಿಯಲ್ಲಿ ಸೇರಿಹೋಗುತ್ತಾರೆ.

ಅಂಕ ಹೆಚ್ಚಿದ್ದರೆ ಶಾಲೆ ಉತ್ತಮವೇ?

ಹಾಗೆನ್ನಲಾಗದು. 1966ರಲ್ಲಿ ಬಂದ ಕೋಲ್ಮನ್ ವರದಿ, ಮಕ್ಕಳ ಅಂಕಗಳಲ್ಲಿನ ವ್ಯತ್ಯಾಸಕ್ಕೆ ಶಾಲೆಯ ಸೌಲಭ್ಯಕ್ಕಿಂತ ಕುಟುಂಬದ ಹಿನ್ನೆಲೆಯೇ ದೊಡ್ಡ ಕಾರಣ ಎಂದಿತ್ತು. 6ನೇ ತರಗತಿಗೆ ಬರುವ ಮಗುವಿನ ಹಿಂದೆ 11 ವರ್ಷಗಳ ಮನೆಯ ಬದುಕು, ಪ್ರೈಮರಿ ಶಾಲೆಯ ಕಲಿಕೆ ಎರಡೂ ಇರುತ್ತವೆ. ಇಂಟರ್ಮೀಡಿಯೆಟ್ ಶಾಲೆಯ ಪ್ರೊಫಿಶಿಯೆನ್ಸಿ ಅಂಕೆ ಮುಖ್ಯವಾಗಿ ಅಲ್ಲಿಗೆ ಯಾರು ಸೇರುತ್ತಾರೆ ಎಂಬುದನ್ನು ಹೇಳುತ್ತದೆ.

ಶಾಲೆ ಏನು ಕಲಿಸಿತು ಎಂದು ತಿಳಿಯಲು ‘ಗ್ರೋತ್’, ಅಂದರೆ ಅದೇ ಮಕ್ಕಳು ವರ್ಷದಿಂದ ವರ್ಷಕ್ಕೆ ಎಷ್ಟು ಮುಂದುವರಿದರು ಎಂಬುದನ್ನು ನೋಡಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್ ರಿಯರ್ಡನ್ 2017ರಲ್ಲಿ ಸುಮಾರು 11,000 ಶಾಲಾ ಜಿಲ್ಲೆಗಳ ಫಲಿತಾಂಶವನ್ನು ಈ ದೃಷ್ಟಿಯಿಂದ ಪರಿಶೀಲಿಸಿದರು. ಬಡ ಮಕ್ಕಳೇ ಹೆಚ್ಚಿರುವ ಶಿಕಾಗೊದಲ್ಲಿ 3ರಿಂದ 8ನೇ ತರಗತಿಯವರೆಗಿನ ಐದು ವರ್ಷಗಳಲ್ಲಿ ಮಕ್ಕಳು ಆರು ವರ್ಷದಷ್ಟು ಕಲಿತಿದ್ದು ಕಂಡುಬಂತು. ಸರಾಸರಿ ಅಂಕ ಮಾತ್ರ ನೋಡುವವರಿಗೆ ಇದು ಕಾಣುವುದಿಲ್ಲ.

ಪ್ರವೇಶ ನಿಯಮ ಬದಲಿಸಿದ ಬ್ರೂಕ್ಲಿನ್

ಶಾಲೆಗೆ ಯಾರು ಸೇರುತ್ತಾರೆ ಎಂಬುದನ್ನು ಪ್ರವೇಶ ನಿಯಮವೂ ನಿರ್ಧರಿಸುತ್ತದೆ. ಬ್ರೂಕ್ಲಿನ್‌ನ ಡಿಸ್ಟ್ರಿಕ್ಟ್ 15 ಇದಕ್ಕೆ ಉದಾಹರಣೆ. ಸ್ಥಿತಿವಂತರ ಪಾರ್ಕ್ ಸ್ಲೋಪ್, ವಲಸಿಗರು ಹೆಚ್ಚಿರುವ ಸನ್‌ಸೆಟ್ ಪಾರ್ಕ್ ಎರಡೂ ಇದೇ ಜಿಲ್ಲೆಯಲ್ಲಿವೆ. ಹಿಂದೆ ಇಲ್ಲಿನ ಹಲವು ಮಿಡಲ್ ಸ್ಕೂಲ್‌ಗಳು ಅಂಕ, ಹಾಜರಾತಿ ನೋಡಿ ಮಕ್ಕಳನ್ನು ಆರಿಸಿಕೊಳ್ಳುತ್ತಿದ್ದವು. 2018ರಲ್ಲಿ ಆ ಪದ್ಧತಿಯನ್ನು ರದ್ದು ಮಾಡಿ ಲಾಟರಿ ತರಲಾಯಿತು. ಬಡ ಕುಟುಂಬದ, ಇಂಗ್ಲಿಷ್ ಕಲಿಯುತ್ತಿರುವ ಅಥವಾ ವಸತಿಯಿಲ್ಲದ ಮಕ್ಕಳಿಗೆ ಪ್ರತಿ ಶಾಲೆಯಲ್ಲೂ ಶೇ 52ರಷ್ಟು ಸೀಟುಗಳಲ್ಲಿ ಆದ್ಯತೆ ನೀಡಲಾಯಿತು. 2019ರ ಪ್ರವೇಶದಿಂದ ಇದು ಜಾರಿಗೆ ಬಂತು. ಇಂಥ ಬದಲಾವಣೆಯ ಬಳಿಕ ಯಾವುದಾದರೂ ಶಾಲೆಯ ಸರಾಸರಿ ಇಳಿದರೆ ಅಥವಾ ಏರಿದರೆ, ಶಿಕ್ಷಕರ ಕೆಲಸ ಬದಲಾಯಿತು ಎಂದು ಹೇಳಲಾಗದು. ತರಗತಿಯಲ್ಲಿ ಕೂತ ಮಕ್ಕಳೇ ಬೇರೆ.

ಪೋಷಕರು ಏನನ್ನು ಗಮನಿಸಬೇಕು?

* ಪ್ರೊಫಿಶಿಯೆನ್ಸಿ ಜೊತೆಗೆ ಗ್ರೋತ್ ಅಂಕೆಯನ್ನೂ ನೋಡಿ.
* ಎಷ್ಟು ಮಕ್ಕಳು ಪರೀಕ್ಷೆ ಬರೆದಿದ್ದಾರೆ ಎಂದು ಪರಿಶೀಲಿಸಿ.
* ಬಡತನದ ಪ್ರಮಾಣ ಒಂದೇ ಮಟ್ಟದಲ್ಲಿರುವ ಶಾಲೆಗಳನ್ನು ಮಾತ್ರ ಹೋಲಿಸಿ.
* ಒಟ್ಟು ಸರಾಸರಿಗಿಂತ ನಿಮ್ಮ ಮಗುವಿನಂಥ ಹಿನ್ನೆಲೆಯ ಮಕ್ಕಳ ಫಲಿತಾಂಶ ಗಮನಿಸಿ.
* ಒಂದೇ ವರ್ಷದ ಅಂಕೆ ನಂಬದೆ, ಒಂದೇ ಬಗೆಯ ಪರೀಕ್ಷೆ ನಡೆದ ಎರಡು-ಮೂರು ವರ್ಷಗಳ ಫಲಿತಾಂಶ ನೋಡಿ.