ಕೈಗೆ ಡೈನಮೈಟ್, ಎದುರಿಗೆ ಬಂದೂಕು

ಕೆ.ಜಿ.ಎಫ್ ಎಂದ ಕೂಡಲೇ ಇವತ್ತಿನ ಹುಡುಗರ ಕಣ್ಣೆದುರು ಬಂದೂಕು ಬರುತ್ತದೆ. 2018 ಮತ್ತು 2022ರಲ್ಲಿ ತೆರೆಕಂಡ ಎರಡು ಸಿನಿಮಾಗಳು ಆ ಊರಿನ ಹೆಸರನ್ನು ದೇಶದ ಮೂಲೆಮೂಲೆಗೆ ಮುಟ್ಟಿಸಿದವು. ಎರಡನೆಯದರಲ್ಲಿ ‘ದೊಡ್ಡಮ್ಮ’ ಎಂಬ ಮೆಷಿನ್ ಗನ್ ಒಂದು ಪಾತ್ರವೇ ಆಗಿಬಿಟ್ಟಿದೆ. ಗಣಿಯಲ್ಲಿ ಜೀತಕ್ಕೆ ಸಿಕ್ಕಿದವರನ್ನು ಬಿಡಿಸಲು ಆಯುಧ ಹಿಡಿದ ನಾಯಕ ಬರುತ್ತಾನೆ. ಸಿನಿಮಾ ಸಿನಿಮಾವೇ, ಅದರ ಜೊತೆ ಇತಿಹಾಸಕ್ಕೆ ಜಗಳ ಬೇಡ. ಆದರೆ ನಿಜವಾದ ಕೋಲಾರದ ಚಿನ್ನದ ಗಣಿಯಲ್ಲಿ ಬಂದೂಕು ಯಾರ ಕೈಯಲ್ಲಿತ್ತು, ಯಾವ ಕಾನೂನಿನ ಬಲದಿಂದ ಇತ್ತು ಎಂದು ಹುಡುಕುತ್ತಾ ಹೋದರೆ ಬೇರೆಯೇ ಕಥೆ ಸಿಗುತ್ತದೆ. ಬಂದೂಕು ಇಟ್ಟುಕೊಳ್ಳುವುದು ಹಕ್ಕೋ ಅಪಾಯವೋ ಎಂಬ ಇವತ್ತಿನ ವಾದಕ್ಕೂ ಆ ಕಥೆಗೂ ನೇರ ಸಂಬಂಧವಿದೆ.

ಈ ವಾದವನ್ನು ನಾವು ಸಾಮಾನ್ಯವಾಗಿ ಅಮೆರಿಕದ ಕಣ್ಣಿನಿಂದ ನೋಡುತ್ತೇವೆ. ಅಲ್ಲಿ 1791ರಲ್ಲೇ ಆಯುಧ ಹಿಡಿಯುವ ಹಕ್ಕು ಸಂವಿಧಾನದೊಳಗೆ ಬಂತು. ನಮ್ಮಲ್ಲಿ ಕಥೆ ಶುರುವಾಗುವುದು ಆಯುಧ ಕಸಿದುಕೊಳ್ಳುವುದರಿಂದ. 1857ರ ದಂಗೆಯಿಂದ ಬೆಚ್ಚಿದ ಬ್ರಿಟಿಷರು 1860ರಲ್ಲಿ ಜನರನ್ನು ನಿಶ್ಶಸ್ತ್ರಗೊಳಿಸುವ ಕಾಯ್ದೆ ತಂದರು. 1878ರಲ್ಲಿ, ಲಾರ್ಡ್ ಲಿಟನ್ ವೈಸ್‌ರಾಯ್ ಆಗಿದ್ದಾಗ, ಅದು ಶಸ್ತ್ರಾಸ್ತ್ರ ಕಾಯ್ದೆಯಾಗಿ ಗಟ್ಟಿಯಾಯಿತು. ದೇಶಭಾಷೆಗಳ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ಬಂದದ್ದೂ ಅದೇ ವರ್ಷ. ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಭಾರತೀಯನಿಗೆ ಬಂದೂಕು ಬೇಕಾದರೆ ಪರವಾನಗಿ ಬೇಕು. ನಿಯಮಗಳ ಮೂಲಕ ಯುರೋಪಿಯನ್ನರಿಗೆ ವಿನಾಯಿತಿ ಸಿಕ್ಕಿತು. ಯಾರಿಂದ ಅಪಾಯ, ಯಾರಿಗೆ ರಕ್ಷಣೆ ಎಂಬುದನ್ನು ಚರ್ಮದ ಬಣ್ಣವೇ ತೀರ್ಮಾನಿಸುತ್ತಿತ್ತು. ಈ ಜನಾಂಗಭೇದ ಕಾಗದದ ಮೇಲಾದರೂ ಅಳಿದುಹೋಗಲು 1920ರ ನಿಯಮಗಳವರೆಗೆ ಕಾಯಬೇಕಾಯಿತು.

ಮೈಸೂರು ಸಂಸ್ಥಾನದ ಸ್ಥಿತಿ ಇನ್ನೊಂದು ತೆರನದು. ಐವತ್ತು ವರ್ಷ ಕಮಿಷನರುಗಳ ಆಡಳಿತದಲ್ಲಿದ್ದ ರಾಜ್ಯವನ್ನು 1881ರಲ್ಲಿ ಒಡೆಯರಿಗೆ ಹಿಂತಿರುಗಿಸುವಾಗ ಬರೆದ ಹಸ್ತಾಂತರ ಪತ್ರದಲ್ಲಿ ಆಯುಧದ ಷರತ್ತೂ ಸೇರಿತ್ತು. ಗವರ್ನರ್ ಜನರಲ್‌ರ ಅನುಮತಿಯಿಲ್ಲದೆ ಮಹಾರಾಜರು ಶಸ್ತ್ರಾಸ್ತ್ರ, ಮದ್ದುಗುಂಡು ತರಿಸುವಂತಿರಲಿಲ್ಲ. ಸರ್ಕಾರ ಬೇಡವೆಂದ ಕಡೆ ಅವುಗಳ ತಯಾರಿಕೆಯನ್ನೂ ನಿಲ್ಲಿಸಬೇಕಿತ್ತು. ದೊರೆಯ ಕೈಯೇ ಹೀಗೆ ಕಟ್ಟಿದ್ದಾಗ ಪ್ರಜೆಯ ಮಾತು ಹೇಳುವುದೇ ಬೇಡ.

ಸರಿಯಾಗಿ ಇದೇ ಹೊತ್ತಿಗೆ ಕೋಲಾರದ ಒಣನೆಲದಲ್ಲಿ ಚಿನ್ನದ ಕೆಲಸ ಶುರುವಾಗುತ್ತಿತ್ತು. 1870ರ ದಶಕದಲ್ಲಿ ಮೈಕೆಲ್ ಲೆವೆಲ್ಲೆ ಎಂಬ ಮಾಜಿ ಸೈನಿಕ ಗಣಿ ತೋಡುವ ಅನುಮತಿ ಪಡೆದ. 1880ರ ನಂತರ ಲಂಡನ್ನಿನ ಜಾನ್ ಟೇಲರ್ ಕಂಪನಿ ಉಸ್ತುವಾರಿಗೆ ಬಂತು. ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಮೈಸೂರು ಗಣಿಗಳು ಒಂದರ ಪಕ್ಕ ಒಂದು ಎದ್ದವು. ಕಮಿಷನರ್ ಬೌರಿಂಗ್ ಹೆಸರಿನಲ್ಲಿ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಇಂದಿನ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ 1894ರಲ್ಲಿ ರೈಲು ಹಾಕಿದರು. ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಗಳಿಂದ ಸಾವಿರಾರು ಕುಟುಂಬಗಳು ಬಂದವು. ಬಹುಪಾಲು ದಲಿತರು, ಹಳ್ಳಿಯ ಒಡೆಯರ ಹಿಡಿತದಿಂದ ತಪ್ಪಿಸಿಕೊಂಡು ಬಂದವರು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಸಿಕ್ಕಿದ್ದು ಆಮೇಲೆ. ಕೂಲಿಗಳ ‘ಲೈನು’ಗಳ ತಟ್ಟಿ ಗುಡಿಸಲುಗಳು ಮಾತ್ರ ಕತ್ತಲಲ್ಲೇ ಉಳಿದವು.

ಆ ಗುಡಿಸಲಿನ ಮನುಷ್ಯ ದಿನವೂ ನೆಲದಡಿಗೆ ಇಳಿದು ಏನು ಮಾಡುತ್ತಿದ್ದ? ಬಂಡೆಗೆ ತೂತು ಕೊರೆಯುವುದು, ತೂತಿಗೆ ಡೈನಮೈಟ್ ತುಂಬುವುದು, ಬತ್ತಿಗೆ ಕಿಡಿ ಮುಟ್ಟಿಸಿ ದೂರ ಸರಿಯುವುದು, ಸಿಡಿದ ಮೇಲೆ ಕಲ್ಲನ್ನು ತೊಟ್ಟಿಗೆ ತುಂಬುವುದು. ಚಾಂಪಿಯನ್ ರೀಫ್ ಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋದದ್ದು ಹೀಗೆ, ಒಂದೊಂದು ಸಿಡಿತಕ್ಕೆ ಕೆಲವು ಅಡಿಯಂತೆ. ಒಂದು ಬಂದೂಕಿಗಿಂತ ಎಷ್ಟೋ ಪಟ್ಟು ಭಯಂಕರವಾದ ವಸ್ತುವನ್ನು ಕಂಪನಿ ಅವರ ಕೈಗೆ ಪ್ರತಿದಿನ ಕೊಡುತ್ತಿತ್ತು. ನೆಲದಡಿಯಲ್ಲಿ ಅವರನ್ನು ನಂಬಲಾಗುತ್ತಿತ್ತು. ಮೇಲೆ ಬಂದ ಕೂಡಲೇ ನಂಬಿಕೆ ಮುಗಿಯಿತು. ಪಾಳಿ ಮುಗಿಸಿ ಬಂದವನ ಮೈ ತಡಕಿ ನೋಡುತ್ತಿದ್ದರು, ಚಿನ್ನದ ಅದಿರೇನಾದರೂ ಇದೆಯೇ ಎಂದು.

ಮೇಲಿನ ಲೋಕದ ಬಂದೂಕುಗಳು ಬೇರೆಯವರ ಹೆಗಲಲ್ಲಿದ್ದವು. 1903ರಲ್ಲಿ ಗಣಿಯ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ನೌಕರರನ್ನು ಸೇರಿಸಿ ಕೋಲಾರ ಗೋಲ್ಡ್ ಫೀಲ್ಡ್ಸ್ ರೈಫಲ್ ವಾಲಂಟಿಯರ್ಸ್ ಎಂಬ ಪಡೆ ಕಟ್ಟಲಾಯಿತು. ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಅದು ಇಂಡಿಯನ್ ಡಿಫೆನ್ಸ್ ಫೋರ್ಸ್‌ನ ಭಾಗವಾಯಿತು, 1920ರಲ್ಲಿ ಆಕ್ಸಿಲರಿ ಫೋರ್ಸ್‌ಗೆ ಸೇರಿತು, ಸ್ವಾತಂತ್ರ್ಯದೊಂದಿಗೆ ವಿಸರ್ಜನೆಯಾಯಿತು. ವಾರದ ದಿನ ಗಣಿಯ ಕೆಲಸ ನಡೆಸುವವರೇ ಕವಾಯತಿನ ದಿನ ರೈಫಲ್ ಹಿಡಿಯುವವರು. ಯಜಮಾನಿಕೆಯೂ ಸೈನಿಕತನವೂ ಒಂದೇ ಮೈಯಲ್ಲಿ ಸೇರಿಕೊಂಡವು. ಇವರ ಜೊತೆಗೆ ಕಂಪನಿಯದೇ ಕಾವಲು ಪಡೆ, ಸಂಸ್ಥಾನದ ಪೊಲೀಸರು. ಇದೆಲ್ಲಕ್ಕೂ ಇಟ್ಟ ಹೆಸರು ಶಾಂತಿ, ಸುವ್ಯವಸ್ಥೆ, ಸುರಕ್ಷತೆ.

ಯಾರ ಸುರಕ್ಷತೆ? ಬಂಡೆ ಸಿಡಿದು ಸುರಂಗದಲ್ಲಿ ಸಿಕ್ಕಿಕೊಂಡವರದ್ದೇ? ಕಲ್ಲಿನ ದೂಳು ಎದೆಗಿಳಿದು ಸಿಲಿಕೋಸಿಸ್‌ನಿಂದ ಕೆಮ್ಮಿ ಕೆಮ್ಮಿ ಸತ್ತವರದ್ದೇ? ಆ ಸಾವುಗಳು ‘ಅಪಘಾತ’ ಮತ್ತು ‘ಕಾಯಿಲೆ’ ಎಂಬ ಖಾತೆಗೆ ಸೇರುತ್ತಿದ್ದವು. ಸುರಕ್ಷತೆ ಎಂಬ ಮಾತು ಚಿನ್ನಕ್ಕೆ ಮೀಸಲಾಗಿತ್ತು. ಚಿನ್ನದ ಕಳವನ್ನು ತಡೆಯಲು ಮೈಸೂರು ಸರ್ಕಾರ ಪ್ರತ್ಯೇಕ ಗಣಿ ಕಾನೂನುಗಳನ್ನೇ ಮಾಡಿತು. ಇದೇ ಅನುಮಾನದ ದಾರಿಯಲ್ಲಿ ಮುಂದೆ ಹೋದ ಕಂಪನಿಗಳು 1930ರಲ್ಲಿ ಕಾರ್ಮಿಕರೆಲ್ಲರ ಬೆರಳಚ್ಚು ತೆಗೆದುಕೊಳ್ಳುವ ನೋಂದಣಿ ಪದ್ಧತಿ ತಂದವು. ಬೆರಳಚ್ಚು ಕೊಡುವವನು ಅಪರಾಧಿ ಎಂಬುದು ಜನರ ತಿಳಿವಳಿಕೆ. ಏಪ್ರಿಲ್‌ನಲ್ಲಿ ಗಣಿಗಳು ನಿಂತವು. ಸಂಘವಿಲ್ಲ, ದೊಡ್ಡ ನಾಯಕರಿಲ್ಲ, ಆದರೂ ಸುಮಾರು ಮೂರು ವಾರ ಮುಷ್ಕರ ನಡೆಯಿತು. ಡೈನಮೈಟ್ ಹಿಡಿದು ಪಳಗಿದ ಕೈಗಳು ಅವು. ಅವರು ಆಯ್ದುಕೊಂಡ ಆಯುಧ ಕೆಲಸ ನಿಲ್ಲಿಸುವುದು.

ಅದೇ ವರ್ಷದ ಜನವರಿಯಲ್ಲಿ ಗಾಂಧೀಜಿ ವೈಸ್‌ರಾಯ್ ಇರ್ವಿನ್ ಮುಂದೆ ಹನ್ನೊಂದು ಬೇಡಿಕೆಗಳನ್ನು ಇಟ್ಟಿದ್ದರು. ಉಪ್ಪಿನ ತೆರಿಗೆ ರದ್ದಾಗಬೇಕೆಂಬುದು ಎಲ್ಲರಿಗೂ ಗೊತ್ತು. ಆತ್ಮರಕ್ಷಣೆಗಾಗಿ ಬಂದೂಕಿನ ಪರವಾನಗಿ ಕೊಡಬೇಕು, ಅದು ಜನರ ನಿಯಂತ್ರಣಕ್ಕೆ ಒಳಪಟ್ಟಿರಬೇಕು ಎಂಬುದೂ ಆ ಪಟ್ಟಿಯಲ್ಲಿತ್ತು ಎಂದರೆ ಹಲವರಿಗೆ ಆಶ್ಚರ್ಯವಾದೀತು. ಅಹಿಂಸೆಯ ಮನುಷ್ಯ ಬಂದೂಕು ಕೇಳಿದ್ದೇಕೆ? ಆಯುಧ ಹಿಡಿಯದಿರುವುದು ಬೇರೆ, ಹಿಡಿಯಬಾರದವನೆಂದು ಇನ್ನೊಬ್ಬರು ಹಣೆಪಟ್ಟಿ ಅಂಟಿಸುವುದು ಬೇರೆ. ಅವರ ತಕರಾರು ಎರಡನೆಯದರ ಬಗ್ಗೆ. 1931ರ ಕರಾಚಿ ಕಾಂಗ್ರೆಸ್ ಕೂಡ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವುದನ್ನು ಮೂಲಭೂತ ಹಕ್ಕುಗಳ ಪಟ್ಟಿಗೆ ಸೇರಿಸಿತು.

ಒಂದೇ ಕಡೆಯ ಬಂದೂಕು ಏನು ಮಾಡಬಲ್ಲದು ಎಂಬುದನ್ನು ಕೋಲಾರ ಜಿಲ್ಲೆ ಮುಂದಿನ ಹದಿನೈದು ವರ್ಷಗಳಲ್ಲಿ ಎರಡು ಸಲ ಕಂಡಿತು. 1938ರ ಏಪ್ರಿಲ್ 25ರಂದು, ಆಗ ಈ ಜಿಲ್ಲೆಗೇ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ಧ್ವಜ ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು ಹತ್ತು ಮಂದಿ. ಜನರ ಲೆಕ್ಕದಲ್ಲಿ ಮೂವತ್ತಕ್ಕೂ ಹೆಚ್ಚು. ಎರಡನೆಯದು ಚಿನ್ನದ ಗಣಿಯಲ್ಲೇ. ನಲವತ್ತರ ದಶಕದಲ್ಲಿ ಕೆ.ಎಸ್. ವಾಸನ್ ಮೊದಲಾದವರ ಮುಂದಾಳತ್ವದಲ್ಲಿ ಕಾರ್ಮಿಕ ಸಂಘ ಬಲಗೊಂಡಿತ್ತು. 1946ರ ನವೆಂಬರ್‌ನಲ್ಲಿ ನಡೆದ ಗೋಲಿಬಾರಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ವಿದುರಾಶ್ವತ್ಥಕ್ಕೆ ಪಠ್ಯಪುಸ್ತಕದಲ್ಲಿ ಜಾಗ ಸಿಕ್ಕಿತು. ಗಣಿಯ ಆರು ಹೆಸರುಗಳನ್ನು ಕಾರ್ಮಿಕ ಸಂಘಗಳ ಸ್ಮರಣೆಯೇ ಉಳಿಸಿಕೊಂಡು ಬಂದಿದೆ.

ಇದಾಗಿ ಎರಡೇ ವರ್ಷಕ್ಕೆ, 1948ರ ಡಿಸೆಂಬರ್‌ನಲ್ಲಿ, ಸಂವಿಧಾನ ಸಭೆಯಲ್ಲಿ ಈ ಪ್ರಶ್ನೆ ನೇರವಾಗಿ ಎದ್ದಿತು. ಎತ್ತಿದವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್. ಆಯುಧ ಹೊಂದುವುದು ನಾಗರಿಕನ ಹಕ್ಕಾಗಬೇಕು, ನಿಯಮಗಳಿರಲಿ, ಆದರೆ ಹಕ್ಕು ಸಂವಿಧಾನದಲ್ಲಿ ಇರಲಿ ಎಂಬುದು ಅವರ ತಿದ್ದುಪಡಿ. ಕರಾಚಿಯ ನಿರ್ಣಯವನ್ನು ಅವರು ನೆನಪಿಸಿದರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಆ ನಿರ್ಣಯ ಮಾಡಿದ ಕಾಲ ಬೇರೆ, ಪರರ ಆಳ್ವಿಕೆ ತನ್ನ ಪ್ರಜೆಗಳ ಕೈಯಿಂದ ಆಯುಧ ಕಿತ್ತುಕೊಂಡಿದ್ದ ಕಾಲ ಅದು ಎಂದರು. ಬೇಕಾದವರು ಪೇಟೆಗೆ ಹೋಗಿ ಬೇಕಾದ ಆಯುಧ ಕೊಳ್ಳುವಂತಾದರೆ ರಾಜ್ಯ ನಡೆಯುವುದಾದರೂ ಹೇಗೆ ಎಂದು ಕೇಳಿದರು. ತುರ್ತಿನಲ್ಲಿ ದೇಶಕ್ಕಾಗಿ ಆಯುಧ ಹಿಡಿಯುವುದು ಕರ್ತವ್ಯವಾಗಲಿ, ಹಕ್ಕು ಬೇಡ ಎಂಬುದು ಅವರ ನಿಲುವು. ತಿದ್ದುಪಡಿ ಬಿದ್ದುಹೋಯಿತು.

ಕೋಲಾರದ ಕಡೆಯಿಂದ ನೋಡಿದರೆ ಇಬ್ಬರ ಮಾತಿನಲ್ಲೂ ಸತ್ಯವಿದೆ. ಸರ್ಕಾರವೊಂದರ ಕೈಯಲ್ಲೇ ಬಂದೂಕಿದ್ದರೆ ಏನಾಗುತ್ತದೆ ಎಂಬ ಕಾಮತರ ಆತಂಕಕ್ಕೆ 1938 ಮತ್ತು 1946 ಸಾಕ್ಷಿ. ಆದರೆ ಬಂದೂಕು ಪೇಟೆಯಲ್ಲಿ ಸಿಗುವ ಸರಕಾದರೆ ಅದು ಮೊದಲು ತಲುಪುವುದು ಹಣವಿದ್ದವರನ್ನು. ಗಣಿಯ ಲೈನಿನಲ್ಲಿದ್ದವರನ್ನಲ್ಲ, ಹಳ್ಳಿಯ ಕೇರಿಯಲ್ಲಿದ್ದವರನ್ನಲ್ಲ. ಹಳ್ಳಿಯ ಬಲಾಢ್ಯರ ಕೈಗೆ ಇನ್ನೊಂದು ಬಲ ಸೇರಿದರೆ ಕೇರಿಯ ಗತಿ ಏನೆಂಬುದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಈ ಎರಡರ ನಡುವೆ ದಾರಿ ಹುಡುಕಿತು. ಪರವಾನಗಿ ಕಡ್ಡಾಯವಾಗಿ ಉಳಿಯಿತು. ಸಾರ್ವಜನಿಕ ಶಾಂತಿಗೆ, ಸುರಕ್ಷತೆಗೆ ಅಗತ್ಯವೆಂದು ಕಂಡರೆ ಅಧಿಕಾರಿ ಅರ್ಜಿಯನ್ನು ತಿರಸ್ಕರಿಸಬಹುದು ಎಂದು 14ನೇ ಕಲಂ ಹೇಳುತ್ತದೆ. ಅದೇ ಕಲಮಿನಲ್ಲಿ ಹೆಚ್ಚು ಜನ ಗಮನಿಸದ ಇನ್ನೊಂದು ಮಾತಿದೆ: ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲ ಎಂಬುದಷ್ಟೇ ಕಾರಣಕ್ಕೆ ಪರವಾನಗಿ ನಿರಾಕರಿಸುವಂತಿಲ್ಲ. ಆಸ್ತಿವಂತನೇ ನಂಬಿಕಸ್ಥ ಎಂಬ ಹಳೆಯ ಲೆಕ್ಕವನ್ನು ಕಾನೂನು ಇಲ್ಲಿ ಅಳಿಸಿತು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು.

ಹಳೆಯ ವಿನಾಯಿತಿಗಳಲ್ಲಿ ಒಂದು ಮಾತ್ರ ಕರ್ನಾಟಕದಲ್ಲೇ ಉಳಿದಿದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರನ್ನು ಅವರ ನಿಷ್ಠೆಗಾಗಿ ಹೊಗಳಿ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಹೊರಗಿಟ್ಟ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇಂದಿಗೂ ಆ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುವುದನ್ನು ಕಂಡವರಿಗೆ ಅದು ಆ ಜನರ ಬದುಕಿನಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಗೊತ್ತು. ಮನೆಮನೆಯಲ್ಲಿ ಕೋವಿಯಿದ್ದ ಮಾತ್ರಕ್ಕೆ ಆ ನಾಡು ರಣರಂಗವಾಗಲಿಲ್ಲ ಎಂಬುದನ್ನೂ ಒಪ್ಪಬೇಕು. ಆದರೆ ಅದರ ಮೂಲದಲ್ಲಿರುವುದು ದೊರೆಗಳು ತಮಗೆ ನಿಷ್ಠರೆಂದು ಕಂಡವರಿಗೆ ಕೊಟ್ಟ ಪ್ರಶಸ್ತಿ. ಗಣಿಯ ಕಾರ್ಮಿಕನಿಗೆ ಅಂಟಿದ ಅನುಮಾನ ಅದೇ ಪ್ರಶಸ್ತಿಯ ಇನ್ನೊಂದು ಮುಖ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಈಗ ಬಂಗಾರಪೇಟೆ ತಾಲ್ಲೂಕಿನಲ್ಲಿ ಬಂದೂಕಿನ ಮಾತು ಬರುವುದು ಹೆಚ್ಚಾಗಿ ಕಾಮಸಮುದ್ರದ ಕಡೆ, ಆಂಧ್ರ ಮತ್ತು ತಮಿಳುನಾಡಿನ ಗಡಿಕಾಡುಗಳಿಂದ ಆನೆಗಳು ಹೊಲಕ್ಕೆ ನುಗ್ಗಿದಾಗ. ರಾಗಿ, ಟೊಮೆಟೊ ಕಳೆದುಕೊಂಡ ರೈತನಿಗೆ ಬೆಳೆ ಕಾಯುವ ಬಂದೂಕೇ ರಕ್ಷಣೆಯಾಗಿ ಕಾಣುವುದು ಸಹಜ. ಆದರೆ ಆನೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ, ಅದರ ಮೇಲೆ ಗುಂಡು ಹಾರಿಸಿದರೆ ಜೈಲು. ಗುಂಡು ತಗುಲಿ ಕೆರಳಿದ ಆನೆ ಮೊದಲು ತುಳಿಯುವುದೂ ಪಕ್ಕದ ಹೊಲದವನನ್ನೇ. ಅವನಿಗೆ ಬೇಕಾದ ಸುರಕ್ಷತೆ ಕಂದಕ, ಬೇಲಿ, ಹೊತ್ತಿಗೆ ಸರಿಯಾಗಿ ಬರುವ ಅರಣ್ಯ ಸಿಬ್ಬಂದಿ, ತಡವಾಗದ ಪರಿಹಾರದ ಹಣ. ಇವು ಬಾರದಿದ್ದಾಗ ಬಂದೂಕಿನ ಅರ್ಜಿ ಹುಟ್ಟುತ್ತದೆ.

ಹಾಗಾಗಿ ಅಂಥ ಅರ್ಜಿಯನ್ನು ಸಾರ್ವಜನಿಕ ಸುರಕ್ಷತೆಯ ಹೆಸರಿನಲ್ಲಿ ತಿರಸ್ಕರಿಸುವುದು ಸರಿಯೇ ಇರಬಹುದು. ತಿರಸ್ಕರಿಸಿದ ಮೇಲೆ ಆ ರೈತನ ಹೊಲವನ್ನೂ ಜೀವವನ್ನೂ ಕಾಯುವ ಹೊಣೆ ತಿರಸ್ಕರಿಸಿದವರ ಮೇಲೆಯೇ ಬೀಳುತ್ತದೆ. ಚಿನ್ನದ ಗಣಿಯನ್ನು ಆಳಿದವರು ಬಂದೂಕನ್ನು ತಮ್ಮಲ್ಲೇ ಇಟ್ಟುಕೊಂಡರು, ಹೊಣೆಯನ್ನು ಮಾತ್ರ ಹೊರಲಿಲ್ಲ. ಬೌರಿಂಗ್‌ಪೇಟೆ ಬಂಗಾರಪೇಟೆಯಾಗಿ ಎಷ್ಟೋ ಕಾಲವಾಯಿತು. ಆ ಹೊಣೆಯ ಲೆಕ್ಕವನ್ನು ಅಲ್ಲಿನ ಜನ ಇನ್ನೂ ಕೇಳುತ್ತಲೇ ಇದ್ದಾರೆ.