ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ

ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಒಂದು ಸ್ವಾಯತ್ತ ಸಂಸ್ಥೆ. ಇದು ಭಾರತ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯದ ಅಧೀನದಲ್ಲಿದೆ. ಶ್ರವಣದೋಷ ಹಾಗೂ ಮಾತು ಮತ್ತು ಭಾಷೆಯ ತೊಂದರೆಗಳ ಕುರಿತ ತರಬೇತಿ, ಸಂಶೋಧನೆ, ಚಿಕಿತ್ಸೆ ಮತ್ತು ಜನಜಾಗೃತಿ ಇದರ ಮುಖ್ಯ ಕಾರ್ಯಗಳು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಇದನ್ನು ‘ಆಯಿಷ್’ ಎಂದೂ ಕರೆಯುತ್ತಾರೆ.

ಇತಿಹಾಸ

ಸಂಸ್ಥೆಯು 1965ರಲ್ಲಿ ‘ಅಖಿಲ ಭಾರತ ಲೋಗೋಪೆಡಿಕ್ಸ್ ಸಂಸ್ಥೆ’ ಎಂಬ ಹೆಸರಿನಲ್ಲಿ ಆರಂಭವಾಯಿತು. ಮಾತಿನ ದೋಷಗಳ ಅಧ್ಯಯನ ಮತ್ತು ಚಿಕಿತ್ಸೆಗೆ ಲೋಗೋಪೆಡಿಕ್ಸ್ ಎಂದು ಹೆಸರು. 1966ರ ಜುಲೈ 25ರಂದು ಅಂದಿನ ರಾಷ್ಟ್ರಪತಿ ಡಾ. ಎಸ್. ರಾಧಾಕೃಷ್ಣನ್ ಮುಖ್ಯ ಕಟ್ಟಡಕ್ಕೆ ಶಂಕುಸ್ಥಾಪನೆ ನೆರವೇರಿಸಿದರು. ಅವರು ಹಿಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಂಸ್ಥೆಯು ಸ್ವಾಯತ್ತತೆಯನ್ನೂ ಈಗಿನ ಹೆಸರನ್ನೂ ಪಡೆಯಿತು. ಮುಂಬಯಿಯಲ್ಲಿರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯು ಇದೇ ಕ್ಷೇತ್ರದ ಮತ್ತೊಂದು ಕೇಂದ್ರ ಸಂಸ್ಥೆಯಾಗಿದ್ದು, ಅದು 1983ರಲ್ಲಿ ಸ್ಥಾಪನೆಯಾಯಿತು.

ಶಿಕ್ಷಣ

ಇಲ್ಲಿನ ಪದವಿ ಕೋರ್ಸುಗಳು ಮೈಸೂರು ವಿಶ್ವವಿದ್ಯಾನಿಲಯದ ಸಂಯೋಜನೆಗೆ ಒಳಪಟ್ಟಿವೆ. ಶ್ರವಣಶಾಸ್ತ್ರ ಮತ್ತು ವಾಕ್-ಭಾಷಾ ಚಿಕಿತ್ಸೆಯ ಸ್ನಾತಕ ಪದವಿ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷಗಳದು. ಈ ಎರಡು ವಿಷಯಗಳಲ್ಲಿ ಪ್ರತ್ಯೇಕ ಸ್ನಾತಕೋತ್ತರ ಪದವಿ, ಪಿಎಚ್.ಡಿ., ವಿಶೇಷ ಶಿಕ್ಷಣದ ಕೋರ್ಸುಗಳು ಹಾಗೂ ಡಿಪ್ಲೊಮಾಗಳೂ ಇವೆ.

ಚಿಕಿತ್ಸಾ ಸೇವೆಗಳು

ಶ್ರವಣ ಪರೀಕ್ಷೆ, ಶ್ರವಣೋಪಕರಣ ಮತ್ತು ಕಿವಿಯಚ್ಚುಗಳ ಅಳವಡಿಕೆ, ಮಾತಿನ ತರಬೇತಿ, ಕಿವಿ-ಮೂಗು-ಗಂಟಲು ಹಾಗೂ ಮನೋವಿಜ್ಞಾನ ವಿಭಾಗಗಳ ಸೇವೆ ಇಲ್ಲಿ ದೊರೆಯುತ್ತವೆ. ತೊದಲುವಿಕೆ, ಧ್ವನಿದೋಷ, ಸೀಳುತುಟಿ, ಪಾರ್ಶ್ವವಾಯುವಿನ ಬಳಿಕ ಮಾತು ಕಳೆದುಕೊಂಡವರ ಸಮಸ್ಯೆ ಮೊದಲಾದವುಗಳಿಗೂ ಚಿಕಿತ್ಸೆ ಇದೆ. ಶ್ರವಣದೋಷವುಳ್ಳ ಮಕ್ಕಳಿಗಾಗಿ ಶಾಲಾಪೂರ್ವ ತರಗತಿಗಳಿದ್ದು, ಮನೆಯಲ್ಲಿ ಅಭ್ಯಾಸ ಮುಂದುವರಿಸುವ ವಿಧಾನವನ್ನು ತಾಯಂದಿರಿಗೂ ಕಲಿಸಲಾಗುತ್ತದೆ.

ಸಂಶೋಧನೆ

ಮಾತು ಎಷ್ಟು ಸ್ಪಷ್ಟವಾಗಿ ಕೇಳುತ್ತದೆ ಎಂಬುದನ್ನು ಅಳೆಯಲು ಕೇವಲ ಯಂತ್ರದ ನಾದ ಸಾಲದು. ಕೇಳುವವನ ಭಾಷೆಯ ಪರಿಚಿತ ಪದಗಳೇ ಬೇಕು. ಪರಭಾಷೆಯ ಪದವನ್ನು ರೋಗಿ ತಪ್ಪಾಗಿ ಉಚ್ಚರಿಸಿದರೆ ದೋಷ ಕಿವಿಯದೋ ಭಾಷಾಜ್ಞಾನದ್ದೋ ತಿಳಿಯದು. ಈ ಕಾರಣದಿಂದ ಕನ್ನಡ ಮತ್ತು ಇತರ ಭಾರತೀಯ ಭಾಷೆಗಳ ಪದಪಟ್ಟಿಗಳು ಹಾಗೂ ಭಾಷಾ ಪರೀಕ್ಷೆಗಳು ಇಲ್ಲಿ ಸಿದ್ಧಗೊಂಡಿವೆ.

ಶೀಘ್ರ ಪತ್ತೆಯ ಮಹತ್ವ

ಮಗು ಮಾತನ್ನು ಕೇಳಿಯೇ ಕಲಿಯುತ್ತದೆ. ಆದುದರಿಂದ ಗುರುತಿಸದೆ ಉಳಿದ ಕಿವುಡು ಭಾಷೆಯ ಬೆಳವಣಿಗೆಯನ್ನೂ ಮುಂದೆ ಶಿಕ್ಷಣವನ್ನೂ ಕುಂಠಿತಗೊಳಿಸುತ್ತದೆ. ಹುಟ್ಟಿದ 1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ದೋಷದ ನಿರ್ಣಯ, 6 ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಗುರಿ. ನವಜಾತ ಶಿಶುಗಳ ತಪಾಸಣೆಯನ್ನು ಸಂಸ್ಥೆಯು ಹೊರಗಿನ ಆಸ್ಪತ್ರೆಗಳಲ್ಲಿಯೂ ನಡೆಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯಂತೆ ಮಕ್ಕಳ ಶ್ರವಣದೋಷಗಳಲ್ಲಿ ಸುಮಾರು ಶೇ. 60ರಷ್ಟು ತಡೆಯಬಹುದಾದ ಕಾರಣಗಳಿಂದ ಉಂಟಾಗುತ್ತವೆ. ಕಿವಿ ಸೋರುವಿಕೆ, ದಡಾರ, ಮಂಗನಬಾವು, ರುಬೆಲ್ಲಾ ಇವು ಅಂತಹ ಕಾರಣಗಳು. ಪ್ರತಿವರ್ಷ ಮಾರ್ಚ್ 3ರಂದು ವಿಶ್ವ ಶ್ರವಣ ದಿನವನ್ನು ಆಚರಿಸಲಾಗುತ್ತದೆ.

ಕಾನೂನಿನ ವ್ಯಾಖ್ಯೆ

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ ಎರಡೂ ಕಿವಿಗಳಲ್ಲಿ, ಮಾತಿನ ಆವರ್ತನಗಳಲ್ಲಿ 70 ಡೆಸಿಬೆಲ್ ಶ್ರವಣನಷ್ಟವಿದ್ದರೆ ‘ಕಿವುಡು’ ಎಂದೂ, 60ರಿಂದ 70 ಡೆಸಿಬೆಲ್ ನಷ್ಟವಿದ್ದರೆ ‘ಮಂದಶ್ರವಣ’ ಎಂದೂ ಪರಿಗಣಿಸಲಾಗುತ್ತದೆ.